ಬೇಗೂರಲ್ಲಿ ನೋಡೋಕೆ ಏನಿದೆ?

ಈ ತಿಂಗಳು ಬಂದ ಪತ್ರಗಳಲ್ಲಿ ಬೇಗೂರು ಮತ್ತು ಅದರ ಸುತ್ತಮುತ್ತಲಿನವೇ ಜಾಸ್ತಿ. ಹೊಂಗಸಂದ್ರ, ಅಗರ, ಹುಳಿಮಾವು ಕಡೆಯವರೂ ಬರೆದಿದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಭಾಗಕ್ಕೇ ಇರಲಿ ಅಂದುಕೊಂಡೆ.

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಮೂರು ವರ್ಷದಿಂದ ಬೇಗೂರಿನ ಒಂದು ಅಪಾರ್ಟ್‌ಮೆಂಟಲ್ಲಿ ಇದ್ದೇವೆ. ಮಗನ ಶಾಲೆಯಲ್ಲಿ ‘ನಮ್ಮ ಊರು ಮತ್ತು ಅದರ ಹೆಗ್ಗುರುತುಗಳು’ ಅಂತ ಬರೆದುಕೊಂಡು ಬರೋಕೆ ಹೇಳಿದ್ದಾರೆ. ಅವನು ಬೇಕರಿ, ಪೆಟ್ರೋಲ್ ಬಂಕು, ಸೂಪರ್ ಮಾರ್ಕೆಟ್ ಅಂತ ಬರೆದು ಕೂತಿದ್ದಾನೆ. ನನಗೂ ಬೇರೆ ಏನೂ ಹೊಳೆಯಲಿಲ್ಲ. ನಮ್ಮೂರಲ್ಲಿ ಚಿತ್ರದುರ್ಗದ ಕೋಟೆ ಹತ್ತಿರ ಇತ್ತು, ಸಂತೇಬೆನ್ನೂರಿನ ಪುಷ್ಕರಣಿ ಇತ್ತು. ಇಲ್ಲಿ ಬರೀ ಟ್ರಾಫಿಕ್ಕು. ಬೇಗೂರಲ್ಲಿ ನೋಡೋಕೆ ಏನಾದರೂ ಇದೆಯಾ? (ಒಬ್ಬ ತಾಯಿ, ಬೇಗೂರು)

ಉತ್ತರ: ಇದೆ ತಾಯಿ. ಬೆಂಗಳೂರು ಅನ್ನೋ ಹೆಸರು ಕಲ್ಲಿನ ಮೇಲೆ ಸಿಕ್ಕಿರುವುದೇ ನಿಮ್ಮ ಊರಲ್ಲಿ. ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಇರಬಹುದು.

ಹಳೇ ಬೇಗೂರಿನ ಒಳಗೆ ನಾಗೇಶ್ವರ ದೇವಸ್ಥಾನ ಇದೆ. ಜನ ಪಂಚಲಿಂಗೇಶ್ವರ ಅಂತಲೂ ಕರೆಯುತ್ತಾರೆ, ಯಾಕೆಂದರೆ ಒಂದೇ ಅಂಗಳದಲ್ಲಿ ಐದು ಶಿವನ ಗುಡಿಗಳಿವೆ. ಹೊರಗಿನ ಎತ್ತರದ ಗೋಪುರ ನೋಡಿ ಇದು ಇತ್ತೀಚಿನ ದೇವಸ್ಥಾನ ಅಂದುಕೊಂಡು ಎಷ್ಟೋ ಜನ ಮುಂದೆ ಹೋಗಿಬಿಡುತ್ತಾರೆ. ಗೋಪುರ ಹೊಸದು, ನಿಜ. ಒಳಗಿನ ಗುಡಿಗಳು ಹಾಗಲ್ಲ. ನಾಗೇಶ್ವರನ ಗುಡಿ ತಲಕಾಡಿನ ಗಂಗರ ಕಾಲದ್ದು, ಅಂದರೆ ಸಾವಿರ ವರ್ಷ ದಾಟಿದೆ. ಆಮೇಲೆ ಚೋಳರು ಬಂದರು, ಅವರ ಕಾಲದಲ್ಲಿ ಇನ್ನೂ ಗುಡಿಗಳು ಸೇರಿದವು. ಚೋಳೇಶ್ವರ ಅನ್ನೋ ಹೆಸರೇ ಅದನ್ನು ಹೇಳುತ್ತದೆ ಅಲ್ವಾ? ನಾಗೇಶ್ವರನ ಮಂಟಪದಲ್ಲಿ ನಿಂತು ಒಮ್ಮೆ ತಲೆ ಎತ್ತಿ ನೋಡಿ. ನಡುವೆ ಉಮಾಮಹೇಶ್ವರ, ಸುತ್ತ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು. ಕೈಮುಗಿದು ತಲೆ ತಗ್ಗಿಸಿಕೊಂಡೇ ಹೊರಗೆ ಬಂದರೆ ಇದು ಕಣ್ಣಿಗೆ ಬೀಳುವುದಿಲ್ಲ.

ಈಗ ಆ ಕಲ್ಲಿನ ವಿಷಯ. ಇದೇ ದೇವಸ್ಥಾನದ ಆವರಣದಲ್ಲಿ ಒಂದು ಶಾಸನ ಇದೆ. ಸುಮಾರು ಕ್ರಿ.ಶ. 890ರದ್ದು ಅಂತ ವಿದ್ವಾಂಸರು ಹೇಳುತ್ತಾರೆ. ಶಾಸನತಜ್ಞ ಆರ್. ನರಸಿಂಹಾಚಾರ್ಯರು ಇದನ್ನು ಗುರುತಿಸಿ ಬೆಳಕಿಗೆ ತಂದರು. ಹಳಗನ್ನಡದಲ್ಲಿರುವ ತುಂಬಾ ಚಿಕ್ಕ ಬರಹ. ಆ ಕಾಲಕ್ಕೆ ಬೇಗೂರನ್ನು ನೋಡಿಕೊಳ್ಳುತ್ತಿದ್ದವನು ಗಂಗರ ಕೈಕೆಳಗಿನ ನಾಗತ್ತರ ಅನ್ನೋ ನಾಯಕ. ಅವನ ಕಡೆಯವರು ‘ಬೆಂಗಳೂರ ಕಾಳಗ’ದಲ್ಲಿ ಸತ್ತರು ಅನ್ನುವುದೇ ಅದರ ವಿಷಯ. ಇಷ್ಟೇ. ಯಾರ ಜೊತೆ ಕಾಳಗ, ಯಾಕೆ ಕಾಳಗ, ಯಾರು ಗೆದ್ದರು, ಒಂದೂ ಇಲ್ಲ. ಆದರೆ ಊರಿನ ಹೆಸರು ಸ್ಪಷ್ಟವಾಗಿದೆ. ಕೆಂಪೇಗೌಡರು ಪೇಟೆ ಕಟ್ಟಿದ್ದು 1537ರಲ್ಲಿ. ಅದಕ್ಕೂ ಸುಮಾರು 650 ವರ್ಷ ಮೊದಲೇ ಬೆಂಗಳೂರು ಅಂತ ಒಂದು ಊರಿತ್ತು, ಅಲ್ಲಿ ಜನ ಕಾದಾಡಿ ಸತ್ತರು, ಅವರನ್ನು ನೆನೆದು ಯಾರೋ ಕಲ್ಲು ನಿಲ್ಲಿಸಿದರು ಅನ್ನುವುದಕ್ಕೆ ಬೇಗೂರೇ ಸಾಕ್ಷಿ.

ನಾನು ಮೊದಲ ಸಲ ಅಲ್ಲಿಗೆ ಹೋದಾಗ ಆ ಕಲ್ಲಿನ ಮುಂದೆ ತುಂಬಾ ಹೊತ್ತು ಕೂತಿದ್ದೆ. ಇಷ್ಟು ದೊಡ್ಡ ನಗರದ ಹೆಸರು, ಬಸ್ಸಿನ ಬೋರ್ಡಿನ ಮೇಲೆ, ಪಾಸ್‌ಪೋರ್ಟಿನ ಮೇಲೆ, ಕೋಟಿಗಟ್ಟಲೆ ಜನರ ಆಧಾರ್ ಕಾರ್ಡಿನ ಮೇಲೆ ಇರುವ ಹೆಸರು, ಇಷ್ಟು ಚಿಕ್ಕ ಕಲ್ಲಿನಲ್ಲಿ ಸುಮ್ನೆ ಕೂತಿದೆ. ಎದೆ ತುಂಬಿ ಬಂತು.

ಮಗನ ಪಟ್ಟಿಗೆ ಇನ್ನೆರಡು ಸೇರಿಸಿ. ಒಂದು ಬೇಗೂರು ಕೆರೆ, ನೂರು ಎಕರೆಗಿಂತ ದೊಡ್ಡದು. ಇನ್ನೊಂದು ಊರೊಳಗಿನ ಹಳೇ ಕೋಟೆಯ ಉಳಿಕೆ. ಬೇಕರಿಯನ್ನೂ ಹಾಗೇ ಬಿಡಿ, ಅದೂ ಊರಿನದೇ. ಆದರೆ ಮೊದಲನೇ ಸಾಲಲ್ಲಿ ಶಾಸನ ಇರಲಿ.

ಪ್ರಶ್ನೆ: ನಾವು ಚಿಕ್ಕಂದಿನಿಂದ ಕೇಳಿದ್ದು ವೀರ ಬಲ್ಲಾಳನ ಕತೆ. ಬೇಟೆಗೆ ಬಂದ ರಾಜ ದಾರಿ ತಪ್ಪಿದ, ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು. ಈಗ ಅದು ಸುಳ್ಳು ಅನ್ನುತ್ತಾರೆ. ಮೊಮ್ಮಕ್ಕಳಿಗೆ ಏನು ಹೇಳಲಿ? (ಹಿರಿಯ ಓದುಗರು, ಬಸವನಗುಡಿ)

ಉತ್ತರ: ಕತೆ ಹೇಳಿ ಸಾರ್, ಬಿಡಬೇಡಿ. ಹಸಿದು ಬಂದ ಅಪರಿಚಿತನಿಗೆ ಮನೆಯಲ್ಲಿ ಇದ್ದದ್ದನ್ನೇ ಬಡಿಸಿದ ಅಜ್ಜಿಯ ಕತೆ ಅದು. ಚೆನ್ನಾಗಿದೆ. ಆದರೆ ಕತೆ ಮುಗಿದ ಮೇಲೆ ಒಂದು ಲೆಕ್ಕವನ್ನೂ ಹೇಳಿಕೊಡಿ. ಹೊಯ್ಸಳರ ಇಮ್ಮಡಿ ವೀರ ಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ಕಲ್ಲು ಸುಮಾರು 890ರದ್ದು. ರಾಜ ಹುಟ್ಟುವುದಕ್ಕೆ ಎರಡೂವರೆ ಶತಮಾನ ಮೊದಲೇ ಊರಿಗೆ ಹೆಸರಿತ್ತು. ಕಳೆಯುವ ಲೆಕ್ಕ ಬರುವ ಯಾವ ಮಗುವಿಗೂ ಇದು ಅರ್ಥವಾಗುತ್ತದೆ.

ಹಾಗಾದರೆ ಹೆಸರಿನ ಅರ್ಥ ಏನು ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಬೆಂಗಾವಲಿನವರ ಊರು ಅಂತ ಕೆಲವರು. ಬೆಣಚುಕಲ್ಲಿನ ಊರು ಅಂತ ಇನ್ನು ಕೆಲವರು. ಬೆಂಗೆ ಮರದಿಂದ ಬಂತು ಅನ್ನುವವರೂ ಇದ್ದಾರೆ. ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಇಷ್ಟನ್ನೂ ಮಕ್ಕಳ ಮುಂದೆ ಇಡಿ. ಯಾವುದು ಸರಿ ಇರಬಹುದು ಅಂತ ಅವರೇ ಜಗಳ ಆಡಲಿ.

ಇನ್ನೊಂದು ಮಾತು. ಕೆಂಪೇಗೌಡರು ತಮ್ಮ ಹೊಸ ಪೇಟೆಗೆ ಈ ಹೆಸರಿಟ್ಟದ್ದು ಕೊಡಿಗೇಹಳ್ಳಿ ಹತ್ತಿರದ ಹಳೇ ಬೆಂಗಳೂರು ಅನ್ನೋ ಹಳ್ಳಿಯಿಂದ ಅನ್ನುತ್ತಾರೆ. ನಾವೂ ಹೊಸ ಬಡಾವಣೆ ಮಾಡಿದಾಗ ಹಳೇ ಊರಿನ ಹೆಸರನ್ನೇ ಉಳಿಸಿಕೊಂಡರೆ ಎಷ್ಟು ಒಳ್ಳೆಯದು ಅಂತ ನನಗೆ ಅನ್ನಿಸುವುದು ಇದಕ್ಕೇ. ಈಗಿನ ಲೇಔಟುಗಳ ಹೆಸರು ನೋಡಿದರೆ ಯಾವ ದೇಶದಲ್ಲಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ. ಕೆಳಗಿದ್ದ ಹಳ್ಳಿಯ ಹೆಸರು ಒಂದು ತಲೆಮಾರು ಕಳೆಯುವುದರಲ್ಲಿ ಮರೆತೇ ಹೋಗುತ್ತದೆ. ಅದು ನನಗೆ ನಿಜಕ್ಕೂ ನೋವಿನ ವಿಷಯ.

ಪ್ರಶ್ನೆ: ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲೂ ಬೇಗೂರಿನ ವೀರಗಲ್ಲು ಇದೆ ಅಂತ ಸ್ನೇಹಿತರು ಹೇಳಿದರು. ಎರಡೂ ಒಂದೇನಾ? (ಓದುಗರು, ಬೊಮ್ಮನಹಳ್ಳಿ)

ಉತ್ತರ: ಅಲ್ಲ. ಇದರಲ್ಲಿ ತುಂಬಾ ಜನ ಗಲಿಬಿಲಿ ಮಾಡಿಕೊಳ್ಳುತ್ತಾರೆ. ಬೆಂಗಳೂರು ಅನ್ನೋ ಹೆಸರಿರುವ ಚಿಕ್ಕ ಶಾಸನ ಬೇಗೂರಿನ ದೇವಸ್ಥಾನದಲ್ಲೇ ಇದೆ. ಸರ್ಕಾರಿ ಮ್ಯೂಸಿಯಮ್ಮಿಗೆ ಹೋಗಿರುವುದು ದೊಡ್ಡ ವೀರಗಲ್ಲು, ಅದು ನಾಗತ್ತರನ ಸಾವಿನದೇ ಕಲ್ಲು.

ಅದರ ಕತೆ ಹೀಗಿದೆ. ಗಂಗರ ದೊರೆ ಎರೆಯಪ್ಪ, ನೊಳಂಬರ ಅಯ್ಯಪದೇವನಿಗೆ ಸಹಾಯ ಮಾಡು ಅಂತ ನಾಗತ್ತರನನ್ನು ದಂಡಿನ ಜೊತೆ ಕಳಿಸಿದ. ಎದುರಾಳಿ ವೀರಮಹೇಂದ್ರ. ತುಂಬೆಪಾಡಿ ಅನ್ನೋ ಜಾಗದಲ್ಲಿ ಯುದ್ಧವಾಯಿತು. ಆನೆಗಳ ಎದುರು ನಿಂತು ಹೋರಾಡಿ ನಾಗತ್ತರ ಸತ್ತ. ಸುದ್ದಿ ಕೇಳಿದ ಎರೆಯಪ್ಪ ಇರುಗ ಅನ್ನುವವನಿಗೆ ನಾಗತ್ತರ ಅನ್ನೋ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು, ಅಂದರೆ ಬೆಂಪೂರೂ ಸೇರಿದ ಹನ್ನೆರಡು ಹಳ್ಳಿಗಳನ್ನು, ಬಿಟ್ಟುಕೊಟ್ಟ. ಬೆಂಪೂರು ಅಂದರೆ ಇವತ್ತಿನ ಬೇಗೂರು. ಕಲ್ಲಿನ ಮೇಲೆ ಕುದುರೆ ಸವಾರ, ಆನೆ, ಬಿಲ್ಲುಗಾರರು, ಬಿದ್ದವರು, ಯುದ್ಧವೇ ಕಣ್ಣೆದುರು ನಡೆಯುತ್ತಿದೆ ಅನ್ನೋ ಹಾಗೆ ಕೆತ್ತಿದ್ದಾರೆ.

ಆ ಹಳ್ಳಿಗಳ ಹೆಸರೂ ಕಲ್ಲಿನಲ್ಲಿವೆ. ಅದರಲ್ಲಿ ಒಂದು ಇಗ್ಗಲೂರು. ಚಂದಾಪುರದ ಹತ್ತಿರ ಇವತ್ತಿಗೂ ಇಗ್ಗಲೂರು ಇದೆ. ದಿನಾ ಹೊಸೂರು ರಸ್ತೆಯಲ್ಲಿ ಕೆಲಸಕ್ಕೆ ಓಡಾಡುವವರು ಸಾವಿರ ವರ್ಷದ ಹಿಂದೆ ದಾನ ಕೊಟ್ಟ ಊರಿನ ಪಕ್ಕದಲ್ಲೇ ಹೋಗುತ್ತಿದ್ದಾರೆ ಅಂದಹಾಗಾಯಿತು. ಮ್ಯೂಸಿಯಮ್ಮಿನ ಕೆಂಪು ಕಟ್ಟಡವೂ 1877ರದ್ದು, ಅದನ್ನೂ ನಿಂತು ನೋಡಿ. ಹೊರಡುವ ಮೊದಲು ತೆರೆದಿದೆಯಾ ಅಂತ ಒಂದು ಫೋನ್ ಮಾಡಿ ವಿಚಾರಿಸಿಕೊಳ್ಳಿ.

ಪ್ರಶ್ನೆ: ನಮ್ಮ ಕಡೆ ಹೊಂಗಸಂದ್ರ, ಸಿಂಗಸಂದ್ರ ಅಂತ ಎಲ್ಲಾ ಸಂದ್ರಗಳೇ. ಈ ಸಂದ್ರ ಅಂದರೆ ಏನು? (ಹಳದಿ ಮಾರ್ಗದ ಮೆಟ್ರೋದಲ್ಲಿ ದಿನಾ ಓಡಾಡುವ ಓದುಗರು)

ಉತ್ತರ: ಸಮುದ್ರ. ಜನರ ಬಾಯಲ್ಲಿ ಸಮುದ್ರ ಸವೆದು ಸಂದ್ರ ಆಯಿತು. ಸಮುದ್ರ ಇಲ್ಲದ ಊರಲ್ಲಿ ದೊಡ್ಡ ಕೆರೆಯನ್ನೇ ಹಿರಿಯರು ಸಮುದ್ರ ಅಂತ ಕರೆದರು. ಆ ಹೆಸರಿನಲ್ಲೇ ಗೊತ್ತಾಗುತ್ತದೆ, ನೀರನ್ನು ಎಷ್ಟು ದೊಡ್ಡದಾಗಿ ಕಂಡಿದ್ದರು ಅಂತ. ಹಾಗೇ ಕುಂಟೆ ಅಂದರೆ ಚಿಕ್ಕ ಕೆರೆ. ಅಗರ ಅನ್ನುವುದು ಅಗ್ರಹಾರದಿಂದ ಬಂದದ್ದು. ನೀವು ದಿನಾ ಕೇಳುವ ಸ್ಟೇಷನ್ ಹೆಸರುಗಳಲ್ಲಿ ಹಳೇ ನೀರಿನ ನಕ್ಷೆಯೇ ಅಡಗಿದೆ.

ಬೆಂಗಳೂರಿನ ಪಕ್ಕ ದೊಡ್ಡ ನದಿ ಹರಿಯುವುದಿಲ್ಲ. ಮಳೆ ನೀರನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸದೆ ಬೇರೆ ದಾರಿ ಇರಲಿಲ್ಲ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಇಳಿದು ಕೆಳಗಿನ ಕೆರೆಗೆ ಹೋಗುತ್ತಿತ್ತು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಆ ಕಾಲುವೆಯೇ ರಾಜಕಾಲುವೆ. ಇವತ್ತು ಅದರ ಮೇಲೆ ಮನೆ ಕಟ್ಟಿ, ಮಳೆ ಬಂದಾಗ ನೀರು ಮನೆಗೆ ನುಗ್ಗಿತು ಅಂತ ಅಳುತ್ತೇವೆ. ನೀರು ತನ್ನ ದಾರಿಯನ್ನು ಮರೆತಿಲ್ಲ.

ಅಗರದಲ್ಲೂ ಗಂಗರ ಕಾಲದ ಒಂದು ಶಾಸನ ಇದೆ, ಸುಮಾರು 870ರದ್ದು. ಇರುಗಮಯ್ಯನ ಮಗ ಸಿರಿಮಯ್ಯ ಅನ್ನುವವನು ಎರಡು ಕೆರೆಗೆ ತೂಬು ಇಡಿಸಿದ, ಇನ್ನೊಂದು ಕೆರೆ ಕಟ್ಟಿಸಿದ ಅಂತ ಅದರಲ್ಲಿದೆ. ತೂಬು ಗೊತ್ತಲ್ಲ, ಕೆರೆ ಏರಿಯಿಂದ ಗದ್ದೆಗೆ ನೀರು ಬಿಡುವ ಬಾಗಿಲು. ನನಗೆ ಯುದ್ಧದ ಕಲ್ಲುಗಳಿಗಿಂತ ಈ ಶಾಸನದ ಮೇಲೇ ಪ್ರೀತಿ ಜಾಸ್ತಿ. ಒಬ್ಬ ಮನುಷ್ಯ ತೂಬು ಇಡಿಸಿದ, ಅದು ಕಲ್ಲಿನಲ್ಲಿ ಬರೆದಿಡುವಂಥ ಕೆಲಸ ಅಂತ ಊರಿಗೆ ಅನ್ನಿಸಿತು. ಅಗರ ಕೆರೆಯ ಸುತ್ತ ಬೆಳಗ್ಗೆ ವಾಕಿಂಗ್ ಮಾಡುವವರು ಇವನನ್ನು ಒಮ್ಮೆ ನೆನೆಸಿಕೊಳ್ಳಬಹುದು.

ಪ್ರಶ್ನೆ: ಹುಳಿಮಾವಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವಂಥ ಜಾಗ ಇದೆಯಾ? (ಓದುಗರು, ಬನ್ನೇರುಘಟ್ಟ ರಸ್ತೆ)

ಉತ್ತರ: ಗುಹಾ ದೇವಸ್ಥಾನಕ್ಕೆ ಹೋಗಿ. ಬಂಡೆಯೊಳಗಿನ ಗವಿಯಲ್ಲೇ ಶಿವಲಿಂಗ ಇದೆ. ಹೊರಗೆ ಎಷ್ಟು ಬಿಸಿಲಿದ್ದರೂ ಒಳಗೆ ತಂಪು. ಮಕ್ಕಳಿಗೆ ಖಂಡಿತ ಹಿಡಿಸುತ್ತದೆ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಚರಂಡಿ ಅಗೆಯುವಾಗ ಕತ್ತಿ ಹಿಡಿದ ಮನುಷ್ಯನ ಕೆತ್ತನೆ ಇರುವ ಕಲ್ಲು ಸಿಕ್ಕಿತು. ಮೇಲೆ ಅಕ್ಷರದ ಹಾಗೆ ಏನೋ ಇದೆ. ಕೆಲವರು ತೊಳೆದು ಬಣ್ಣ ಹೊಡೆದು ದೇವಸ್ಥಾನದಲ್ಲಿ ಇಡೋಣ ಅನ್ನುತ್ತಾರೆ. ಕೆಲವರು ಕೆಳಗೆ ನಿಧಿ ಇರುತ್ತದೆ, ಒಡೆಯೋಣ ಅನ್ನುತ್ತಾರೆ. ನಾನು ಸಂಘದ ಕಾರ್ಯದರ್ಶಿ. ಏನು ಮಾಡಲಿ? (ಓದುಗರು, ಊರ ಹೆಸರು ಬೇಡ ಅಂದಿದ್ದಾರೆ)

ಉತ್ತರ: ಸಾರ್, ಇದನ್ನು ಓದಿದ ತಕ್ಷಣ ನಿಮಗೆ ಬೇರೆಯಾಗಿ ಉತ್ತರ ಬರೆದು ಕಳಿಸಿದ್ದೇನೆ. ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಇಲ್ಲಿ ಮತ್ತೆ ಹೇಳುತ್ತೇನೆ.

ಒಡೆಯುವ ಮಾತು ಮೊದಲು ನಿಲ್ಲಿಸಿ. ವೀರಗಲ್ಲಿನ ಕೆಳಗೆ ನಿಧಿ ಇಡುವ ಪದ್ಧತಿ ಇರಲಿಲ್ಲ. ಅದು ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ನಿಧಿ ಆಸೆಗೆ ನಾಡಿನ ತುಂಬಾ ಎಷ್ಟೋ ಕಲ್ಲುಗಳನ್ನು ಚೂರು ಮಾಡಿದ್ದಾರೆ. ಹೀಗೆ ಒಡೆದವರಿಗೆ ಕೊನೆಗೆ ಉಳಿಯುವುದು ಬರೀ ಚೂರು ಕಲ್ಲು.

ಬಣ್ಣವೂ ಬೇಡ. ಭಕ್ತಿಯಿಂದಲೇ ಹೊಡೆಯುತ್ತಾರೆ, ನನಗೆ ಗೊತ್ತು. ಆದರೆ ಪೇಂಟು ಅಕ್ಷರದ ಗೆರೆಯೊಳಗೆ ತುಂಬಿಕೊಂಡರೆ ಓದುವುದು ಕಷ್ಟ. ನಾನು ಹುಟ್ಟಿ ಬೆಳೆದ ಬೀದಿಯ ಕೊನೆಯಲ್ಲೂ ಒಂದು ಕಲ್ಲಿತ್ತು. ವರ್ಷಕ್ಕೊಂದು ಸಲ ಸುಣ್ಣ, ಆಮೇಲೆ ಎನಾಮೆಲ್ಲು. ಕೊನೆಗೆ ರಸ್ತೆ ಅಗಲ ಮಾಡುವಾಗ ಅದನ್ನು ಎತ್ತಿ ಹಾಕಿದರು, ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಅದರ ಒಂದು ಫೋಟೋ ಕೂಡ ಯಾರ ಹತ್ತಿರವೂ ಇಲ್ಲ. ಆ ಬೀದಿಗೆ ಹೋದಾಗಲೆಲ್ಲ ಆ ಮೂಲೆಯನ್ನು ನೋಡುತ್ತೇನೆ.

ನೀವು ಮಾಡಬೇಕಾದದ್ದು ಇಷ್ಟು. ಕಲ್ಲು ಸಿಕ್ಕ ಜಾಗದಲ್ಲೇ ಎಲ್ಲಾ ಕಡೆಯಿಂದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು. ಮೊಬೈಲಲ್ಲಿ ಜಾಗದ ಲೊಕೇಷನ್ ಉಳಿಸಿಕೊಳ್ಳಿ. ಮಣ್ಣು ಹೋಗಬೇಕಾದರೆ ಬರೀ ನೀರು ಮತ್ತು ಮೆತ್ತಗಿನ ಬ್ರಷ್ಷು ಸಾಕು, ಆಸಿಡ್ಡು, ತಂತಿ ಬ್ರಷ್ಷು ಮುಟ್ಟಿಸಲೇಬೇಡಿ. ಜೆಸಿಬಿಯವರಿಗೆ ಹೇಳಿ ಕಲ್ಲಿನ ಸುತ್ತ ಒಂದು ಹಗ್ಗ ಕಟ್ಟಿಸಿ. ಆಮೇಲೆ ರಾಜ್ಯ ಪುರಾತತ್ವ ಇಲಾಖೆಗೆ ಬರೆಯಿರಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೂ ತಿಳಿಸಿ. ಅದು 1909ರಲ್ಲಿ ಶುರುವಾದ ಸಂಸ್ಥೆ, ಬೆಂಗಳೂರಿನ ಶಾಸನಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಮಾಡುತ್ತಿದೆ. ಮೇಲಿನ ಅಕ್ಷರ ಏನು ಅಂತ ಓದಿ ಹೇಳಬಲ್ಲವರು ಅಲ್ಲಿದ್ದಾರೆ.

ನಿಮ್ಮ ಸಂಘದ ಸಭೆಯಲ್ಲಿ ಹೆಬ್ಬಾಳದ ಕತೆ ಹೇಳಿ, ಒಪ್ಪದವರೂ ಒಪ್ಪಬಹುದು. 2018ರಲ್ಲಿ ಹೆಬ್ಬಾಳದಲ್ಲಿ ಒಂದು ಕಲ್ಲು ಹೀಗೇ ಸಿಕ್ಕಿತು. ಓದಿ ನೋಡಿದರೆ ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದ್ದು. ಬೇಗೂರಿನ ಶಾಸನಕ್ಕಿಂತಲೂ ಹಳೆಯದು. ಬೆಂಗಳೂರಿನಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲೇ ತುಂಬಾ ಹಳೆಯದು ಅಂತ ಗುರುತಿಸಿದ್ದಾರೆ. ಕಿಟ್ಟಯ್ಯ ಅನ್ನೋ ವೀರ ಹೋರಾಡಿ ಸತ್ತದ್ದನ್ನು ಅದು ಹೇಳುತ್ತದೆ. ಪೆರ್ಬೊಳಲ್ನಾಡು ಅನ್ನೋ ಹೆಸರೂ ಅದರಲ್ಲಿದೆ, ಹೆಬ್ಬಾಳದ ಹಳೇ ಹೆಸರಿನ ಸುಳಿವು ಅದು. ಊರಿನವರು, ಶಾಸನಾಸಕ್ತರು ಸೇರಿ ಅದಕ್ಕೊಂದು ಮಂಟಪವನ್ನೇ ಕಟ್ಟಿದರು. ಅವತ್ತು ಯಾರಾದರೂ ಅದನ್ನು ಚರಂಡಿಗೆ ಚಪ್ಪಡಿ ಮಾಡಿದ್ದರೆ ಕಿಟ್ಟಯ್ಯನ ಹೆಸರು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಪ್ರಶ್ನೆ: ವೀರಗಲ್ಲಿನಲ್ಲಿ ಮೂರು ಅಂತಸ್ತು ಯಾಕೆ ಇರುತ್ತದೆ? (ಓದುಗರು, ಕೂಡ್ಲು)

ಉತ್ತರ: ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗೆ ಅವನು ಹೇಗೆ ಸತ್ತ ಅನ್ನುವುದು: ಯುದ್ಧದಲ್ಲೋ, ದನ ಹೊಡೆದುಕೊಂಡು ಹೋಗುವವರನ್ನು ತಡೆಯುವಾಗಲೋ, ಹುಲಿ ಜೊತೆ ಹೋರಾಡುವಾಗಲೋ. ನಡುವೆ ಅಪ್ಸರೆಯರು ಅವನನ್ನು ಕರೆದುಕೊಂಡು ಹೋಗುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ ಇದ್ದರೆ, ಅವು ಇರುವವರೆಗೂ ಇವನ ಹೆಸರು ಇರಲಿ ಅಂತ ಅರ್ಥ. ಎಲ್ಲಾ ಕಲ್ಲಿಗೂ ಮೂರು ಅಂತಸ್ತು ಇರುವುದಿಲ್ಲ, ಹಳೆಯವಲ್ಲಿ ಒಂದೇ ಚಿತ್ರ ಇರುವುದೂ ಉಂಟು. ಬಳೆ ತೊಟ್ಟ ತೋಳು ಮೇಲೆ ಎತ್ತಿರುವ ಕೆತ್ತನೆ ಕಂಡರೆ ಅದು ಮಾಸ್ತಿಕಲ್ಲು, ಗಂಡನ ಜೊತೆ ಸತ್ತ ಹೆಂಗಸಿನದು. ಅದರ ಮುಂದೆ ನನಗೆ ಮಾತೇ ಹೊರಡುವುದಿಲ್ಲ.

ಪ್ರಶ್ನೆ: ನಾನು ಏಳನೇ ಕ್ಲಾಸು. ಬೇಗೂರಿನ ಕಲ್ಲಿನ ಮೇಲಿರುವ ಅಕ್ಷರ ನನಗೆ ಓದೋಕೆ ಬರುತ್ತಾ? (ವಿದ್ಯಾರ್ಥಿನಿ, ಹೊಂಗಸಂದ್ರ)

ಉತ್ತರ: ಮೊದಲ ಸಲಕ್ಕೆ ಬರುವುದಿಲ್ಲ ಪುಟ್ಟಿ. ಅಕ್ಷರ ಕನ್ನಡದ್ದೇ, ಆದರೆ ಸಾವಿರ ವರ್ಷದ ಹಿಂದಿನ ರೂಪ. ಈಗ ನಾವು ಬರೆಯುವ ತಲೆಕಟ್ಟು ಅದರಲ್ಲಿ ಬೇರೆ ಥರ ಇದೆ. ಆದರೂ ‘ರ’ ನಿನಗೆ ಸಿಕ್ಕೇ ಸಿಗುತ್ತದೆ, ದುಂಡಗೆ ಇರುತ್ತದೆ. ಶಾಸನದ ಪಾಠ ಪುಸ್ತಕದಲ್ಲಿ ಅಚ್ಚಾಗಿದೆ. ನಿಮ್ಮ ಕನ್ನಡ ಮೇಷ್ಟ್ರನ್ನು ಕೇಳಿ ಒಂದು ಪ್ರತಿ ಇಟ್ಟುಕೊಂಡು ಹೋಗು, ಒಂದೊಂದೇ ಅಕ್ಷರ ಹೊಂದಿಸು.

ಮಧ್ಯಾಹ್ನ ಹೋಗಬೇಡ. ನೆತ್ತಿ ಮೇಲೆ ಬಿಸಿಲಿದ್ದರೆ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ, ಏನೂ ತಿಳಿಯುವುದಿಲ್ಲ. ಬೆಳಗ್ಗೆ ಇಲ್ಲವೇ ಸಂಜೆ ಹೋಗು. ಅಪ್ಪನ ಮೊಬೈಲಿನ ಟಾರ್ಚು ಹಾಕಿ ಕಲ್ಲಿನ ಎದುರಿಗಲ್ಲ, ಪಕ್ಕದಲ್ಲಿ ಹಿಡಿ, ಬೆಳಕು ಕಲ್ಲಿನ ಮೇಲೆ ಅಡ್ಡವಾಗಿ ಹರಿಯಬೇಕು. ಆಗ ಅಕ್ಷರದ ಗೆರೆಗಳಲ್ಲಿ ನೆರಳು ಬೀಳುತ್ತದೆ, ಒಂದೊಂದೇ ಎದ್ದು ಬರುತ್ತವೆ. ಸೀಮೆಸುಣ್ಣ ಹಚ್ಚಬೇಡ, ಎಣ್ಣೆ ಹಾಕಬೇಡ. ‘ಬೆಂಗಳೂರ’ ಅನ್ನೋ ಪದ ಸಿಕ್ಕಿದ ದಿನ ನನಗೊಂದು ಕಾರ್ಡು ಬರೆ.